ಹೊತ್ತು ಮೂಡಿತು ಎಂಬ ಮಾತಿನ ಬೇರು

ಇಂಗ್ಲಿಷಿನಲ್ಲಿ ಈಗ ಬಳಕೆ ತಪ್ಪಿದ ಒಂದು ಪದವಿದೆ: ಡೇಸ್ಪ್ರಿಂಗ್. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಅದು ಬೆಳಗು ಎಂಬ ಅರ್ಥದಲ್ಲಿ ನಿಂತಿದೆ. ಅದರ ಒಳಗೆ ಇರುವುದು ಎರಡು ಸಾಮಾನ್ಯ ಮಾತು, ‘ದಿನ’ ಮತ್ತು ‘ಚಿಮ್ಮಿ ಮೇಲೇಳುವುದು’. ನೆಲದಿಂದ ಉಕ್ಕುವ ಒರತೆಗೂ ಅವರು ಇದೇ ಎರಡನೆಯ ಮಾತನ್ನು ಬಳಸುತ್ತಾರೆ. ಇಂಗ್ಲಿಷಿನವರು ತಮ್ಮ ಈ ಹಳೆಯ ಪದವನ್ನು ಬಿಡಿಸಿ ನೋಡಿ, ತಮ್ಮ ಪೂರ್ವಿಕರು ಬೆಳಗನ್ನು ಹೇಗೆ ಕಂಡಿದ್ದರೆಂದು ಕೇಳಿಕೊಂಡಿದ್ದಾರೆ. ಅದೇ ಪ್ರಶ್ನೆಯನ್ನು ನಮ್ಮ ಭಾಷೆಗೆ ಕೇಳುವುದು ಈ ಉಪನ್ಯಾಸದ ಉದ್ದೇಶ. ಕನ್ನಡದಲ್ಲಿ ಬೆಳಗಿಗೆ ಹೆಸರುಗಳ ಬಡತನವಿಲ್ಲ. ನಸುಕು, ಬೆಳಗು, ಮುಂಜಾನೆ, ಮುಂಜಾವು, ಅರುಣೋದಯ, ಉಷಃಕಾಲ ಎಂದು ಎಣಿಸುತ್ತಾ ಹೋಗಬಹುದು. ಆದರೆ ಕನ್ನಡ ತನ್ನ ಬೆಳಗನ್ನು ಹೇಗೆ ಗ್ರಹಿಸಿತೆಂಬುದನ್ನು ಎಲ್ಲಕ್ಕಿಂತ ಆಳವಾಗಿ ಹೇಳುವ ಪದ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಅದು ‘ಹೊತ್ತು’. ಬಾಳೆಹೊಸೂರಿನ ಈ ಸೀಮೆಯಲ್ಲಿ ‘ಹೊತ್ತು ಹೊಂಟಿತು’ ಎನ್ನುವಾಗಲೂ ಬೇರೆಡೆ ‘ಹೊತ್ತು ಮೂಡಿತು’ ಎನ್ನುವಾಗಲೂ ಜನ ಹೇಳುತ್ತಿರುವುದು ಬೆಳಕು ಬಂತೆಂದಲ್ಲ, ಎಣಿಕೆ ಶುರುವಾಯಿತೆಂದು. ಇದು ನನ್ನ ವಾದ. ಇದಕ್ಕೆ ಆಧಾರಗಳೇನು, ಎದುರು ನಿಲ್ಲುವ ಆಕ್ಷೇಪಗಳೇನು ಎಂಬುದನ್ನು ಮುಂದೆ ನೋಡೋಣ.

ಮೊದಲು ಹೊರಗಿನ ಸಾಕ್ಷ್ಯ. ಇಂಗ್ಲಿಷಿನಲ್ಲಿ ಇಂದು ನಡೆಯುವ ‘ಡಾನ್’ ಎಂಬ ಪದ ನಾವೆಣಿಸುವಷ್ಟು ಹಳೆಯದಲ್ಲ. ನಾಮಪದವಾಗಿ ಅದು ಕಾಣಿಸಿಕೊಳ್ಳುವುದು 16ನೆಯ ಶತಮಾನದ ಕೊನೆಯಲ್ಲಿ. ಅದಕ್ಕೂ ಮುಂಚೆ ‘ಡಾನಿಂಗ್’ ಇತ್ತು, ಅದಕ್ಕೂ ಹಿಂದೆ ‘ಡಾಯಿಂಗ್’ ಇತ್ತು. ಇವೆಲ್ಲದರ ಬೇರು ‘ದಿನವಾಗು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ. ಹೀಗಾಗಿ ಡೇಸ್ಪ್ರಿಂಗ್ ಆಗಲಿ ಡಾನ್ ಆಗಲಿ ಹೊರಟಿದ್ದು ಬೆಳಕಿನಿಂದಲ್ಲ, ದಿನದಿಂದ. ಸಂಸ್ಕೃತದ ಉಷಸ್ಸಿನದು ಬೇರೆ ದಾರಿ. ಅದು ‘ಹೊಳೆ, ಬೆಳಗು’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಗ್ರೀಕರ ಈಯೋಸ್, ರೋಮನ್ನರ ಅರೋರಾ ಅದರ ಅಕ್ಕತಂಗಿಯರು. ಅಚ್ಚರಿಯೆಂದರೆ ಇಂಗ್ಲಿಷಿನಲ್ಲಿ ಮೂಡಣ ದಿಕ್ಕಿನ ಹೆಸರಾದ ‘ಈಸ್ಟ್’ ಕೂಡ ಇದೇ ಕುಲಕ್ಕೆ ಸೇರಿದೆ. ಬೆಳಕನ್ನು ಕಂಡು ಹೆಸರಿಡುವುದು ಒಂದು ದಾರಿ, ದಿನದ ಆರಂಭವನ್ನು ಕಂಡು ಹೆಸರಿಡುವುದು ಇನ್ನೊಂದು. ಒಂದೇ ಭಾಷೆ ಎರಡೂ ದಾರಿಗಳಲ್ಲಿ ನಡೆಯಬಹುದೆಂಬುದನ್ನು ಇಂಗ್ಲಿಷೇ ತೋರಿಸುತ್ತದೆ. ಕನ್ನಡವೂ ಹಾಗೆಯೇ ಎರಡರಲ್ಲೂ ನಡೆದಿದೆ. ಆದರೆ ನಮ್ಮ ಸಾಹಿತ್ಯದ ಗಮನವೆಲ್ಲ ಮೊದಲನೆಯದಕ್ಕೆ ಸಂದಿತು, ಎರಡನೆಯದು ಹೊಲಮನೆಗಳ ಮಾತಿನಲ್ಲೇ ಉಳಿಯಿತು.

ನಮ್ಮಲ್ಲಿ ಬೆಳಕಿನ ದಾರಿ ಸಣ್ಣದಲ್ಲ. ‘ಬೆಳಗು’ ಎಂಬ ಪದ ‘ಬೆಳ್’ ಎಂಬ ಬೇರಿನದು. ಬೆಳ್ಳಿ, ಬೆಳಕು, ಬೆಳದಿಂಗಳು, ಬೆಳ್ಳಗೆ, ಬೆಳ್ಳುಳ್ಳಿ, ಶ್ರವಣಬೆಳ್ಗೊಳದ ಬಿಳಿಯ ಕೊಳ, ಎಲ್ಲವೂ ಆ ಬೇರಿನ ಚಿಗುರುಗಳು. ತೆಲುಗಿನವರು ಬೆಳಗಾಯಿತು ಎನ್ನುವುದಕ್ಕೆ ‘ತೆಲ್ಲವಾರಿಂದಿ’ ಎಂದರೆ ಅಲ್ಲಿಯೂ ‘ಬೆಳ್ಳಗಾಯಿತು’ ಎಂಬುದೇ ಅರ್ಥ. ಬೇಂದ್ರೆಯವರು ತಮ್ಮ ಪ್ರಸಿದ್ಧ ಕವಿತೆಗೆ ‘ಬೆಳಗು’ ಎಂದೇ ಹೆಸರಿಟ್ಟ ಮೇಲಂತೂ ಓದುಗರ ಮನಸ್ಸಿನಲ್ಲಿ ಈ ಪದದ ಪಟ್ಟ ಭದ್ರವಾಯಿತು. ‘ನಸುಕು’ ಎಂಬುದು ‘ನಸು’ ಎಂಬ ಮಾತಿನಿಂದ ಆದದ್ದು. ನಸುಗೆಂಪು, ನಸುನಗೆಗಳಲ್ಲಿರುವ ಆ ‘ತುಸು’ ಎಂಬ ಅರ್ಥವೇ ಇಲ್ಲಿಯೂ ಇದೆ. ನಸುಕೆಂದರೆ ತುಸುವೇ ಬೆಳಕಿರುವ ಹೊತ್ತು. ಗದಗ ಸೀಮೆಯಲ್ಲಿ ‘ನಸಕಿನ್ಯಾಗ ಎದ್ದು’ ಎಂದರೆ ಮುಖ ಗುರುತಾಗದ ಹೊತ್ತಿನಲ್ಲಿ ಎದ್ದು ಎಂದೇ ತಿಳಿಯಬೇಕು. ‘ಬೆಳ್ಳಿ ಮೂಡಿತು’ ಎಂಬ ಮಾತು ಶುಕ್ರನದು. ಆದರೆ ಶುಕ್ರ ಸುಮಾರು 584 ದಿನಗಳ ಒಂದು ಸುತ್ತಿನಲ್ಲಿ ಎಂಟೊಂಬತ್ತು ತಿಂಗಳು ಮಾತ್ರ ಬೆಳಗಿನ ಆಕಾಶದಲ್ಲಿ ಇರುತ್ತದೆ. ಉಳಿದ ಕಾಲ ಸಂಜೆಯ ಕಡೆಗಿರುತ್ತದೆ, ಇಲ್ಲವೆ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಆದ್ದರಿಂದ ಬೆಳ್ಳಿಯನ್ನು ನಂಬಿ ವರ್ಷವಿಡೀ ಏಳಲಾಗದು. ‘ಮುಂಜಾನೆ’, ‘ಮುಂಜಾವು’ಗಳದು ಮತ್ತೂ ಬೇರೆ ಕಥೆ. ಅವುಗಳೊಳಗಿನ ‘ಜಾವ’ ಸಂಸ್ಕೃತದ ‘ಯಾಮ’ದ ತದ್ಭವ. ಯಾತ್ರೆ ಜಾತ್ರೆಯಾದಂತೆ ಮೊದಲಿನ ಯಕಾರ ಜಕಾರವಾಗಿದೆ, ಸಾಮಂತ ಸಾವಂತನಾದಂತೆ ಮಕಾರ ವಕಾರವಾಗಿದೆ. ಯಮ ಜವನಾದಾಗ ಎರಡೂ ಒಟ್ಟಿಗೇ ನಡೆದವು. ಒಂದು ಜಾವಕ್ಕೆ ಮೂರು ಗಂಟೆ, ಅಂದರೆ 24 ನಿಮಿಷದ ಗಳಿಗೆಗಳು ಏಳೂವರೆ. ಇದು ಕಾವಲಿನವರ ಕಾಲ, ಕೋಟೆ ಬಾಗಿಲಿನ ಕಾಲ, ನೀರಿನಲ್ಲಿ ಮುಳುಗುವ ಗಳಿಗೆ ಬಟ್ಟಲಿನ ಕಾಲ. ಆಕಾಶವನ್ನು ನೋಡದೆಯೂ ಅಳೆಯಬಹುದಾದ ಕಾಲ. ಮುಂಜಾನೆ ಎಂಬ ಮೃದುವಾದ ಪದದೊಳಗೆ ಇಂಥ ಒಂದು ಆಡಳಿತದ ಅಳತೆ ಕೂತಿದೆ.

ಈಗ ‘ಹೊತ್ತು’ ಪದಕ್ಕೆ ಬರೋಣ. ಹಳಗನ್ನಡದಲ್ಲಿ ಇದರ ರೂಪ ‘ಪೊೞ್ತು’. ನಡುವಿನ ೞ ಕನ್ನಡದಿಂದ ಅಳಿದುಹೋದ ಅಕ್ಷರ. ತಮಿಳು ಮತ್ತು ಮಲಯಾಳಗಳಲ್ಲಿ ಅದರ ಉಚ್ಚಾರ ಇಂದಿಗೂ ಇದೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಆಡುಮಾತಿನಲ್ಲಿ ಜೀವಂತವಾಗಿರುವ ಅಕ್ಷರಕ್ಕೆ ಪಟ್ಟಿ ಬೇಕಾಗುವುದಿಲ್ಲ. ಅವನ ಕಾಲಕ್ಕೆ ಜನರ ನಾಲಗೆಯಿಂದ ಅದು ಹೊರಟುಹೋಗಿತ್ತೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಅದು ಹೋದದ್ದು ಎರಡು ದಾರಿಯಲ್ಲಿ. ಸ್ವರದ ಪಕ್ಕದಲ್ಲಿದ್ದಾಗ ಅದು ಳಕಾರವಾಯಿತು. ವ್ಯಂಜನದ ಹಿಂದೆ ಸಿಕ್ಕಿಕೊಂಡಾಗ ಮೊದಲು ರೇಫವಾಗಿ, ಆಮೇಲೆ ಮುಂದಿನ ವ್ಯಂಜನದಲ್ಲಿ ಕರಗಿಹೋಯಿತು. ಕೞ್ತೆ ಕತ್ತೆಯಾಗಿದ್ದು ಹೀಗೆ. ಏಳು ಎಂಬ ಕ್ರಿಯಾಪದದ ಭೂತಕಾಲ ‘ಏಳಿ’ ಎಂದಾಗದೆ ‘ಎದ್ದು’ ಎಂದಾಗಲು, ಬೀಳು ‘ಬಿದ್ದು’ ಆಗಲು ಇದೇ ಕಾರಣ. ಬಾಳು ಮತ್ತು ಬದುಕು ಎಂಬ ಜೋಡಿಪದಗಳು ಒಂದೇ ಬೇರಿನವು: ಬಾೞ್ ಒಂದು ಕಡೆ ಬಾಳು ಆಯಿತು, ಇನ್ನೊಂದು ಕಡೆ ಬರ್ದುಂಕು ಎಂದಾಗಿ ಬದುಕು ಆಯಿತು. ಪೊೞ್ತು ಕೂಡ ಪೊರ್ತು ಆಗಿ, ಪೊತ್ತು ಆಗಿ, ಕೊನೆಗೆ ಪಕಾರ ಹಕಾರವಾಗಿ ಹೊತ್ತು ಆಯಿತು. ಈ ಎರಡು ಬದಲಾವಣೆಗಳನ್ನು ನೋಡಲು ಶಾಸನಗಳ ಬಳಿಗೇ ಹೋಗಬೇಕಿಲ್ಲ, ನಾವು ಸೇರಿರುವ ಬಾಳೆಹೊಸೂರಿನ ಹೆಸರನ್ನೇ ನೋಡಬಹುದು. ಬಾಳೆ ಎಂಬ ಗಿಡದ ಹೆಸರು ಹಳಗನ್ನಡದಲ್ಲಿ ಬಾೞೆ. ಹೊಸೂರಿನ ‘ಹೊಸ’ ಆಗ ‘ಪೊಸ’. ಒಂದೇ ಹೆಸರಿನಲ್ಲಿ ೞ ಹೋಗಿ ಳ ಬಂದದ್ದೂ ಪ ಹೋಗಿ ಹ ಬಂದದ್ದೂ ಕೂಡಿವೆ. ಹತ್ತಿರದ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಹುಲಿಗೆರೆಯಾಗಿದ್ದು ಸಹ ಅದೇ ಕಾಲಮಾನದ ಸಾಕ್ಷ್ಯ. ಪಂಪನ 10ನೆಯ ಶತಮಾನದ ಕನ್ನಡಕ್ಕೂ ಗದುಗಿನ ಕುಮಾರವ್ಯಾಸನ ಕನ್ನಡಕ್ಕೂ ನಡುವೆ ಈ ಬದಲಾವಣೆಗಳೆಲ್ಲ ಮುಗಿದಿದ್ದವು.

ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ, ಅದು ಸಹಜವಾದದ್ದು. ಹೊತ್ತು ಎಂದರೆ ಉರಿ ಎಂಬ ಅರ್ಥವೂ ಇದೆಯಲ್ಲ, ಒಲೆ ಹೊತ್ತಿತು, ದೀಪ ಹೊತ್ತಿಸು ಎನ್ನುತ್ತೇವಲ್ಲ, ಉರಿಯುವ ಸೂರ್ಯನಿಗೆ ಅದರಿಂದಲೇ ಈ ಹೆಸರು ಬಂದಿರಬಾರದೇಕೆ? ಕೇಳಲು ಚೆಂದವಾಗಿರುವ ಈ ವಿವರಣೆ ನಿಲ್ಲುವುದಿಲ್ಲ. ಉರಿಯುವ ಹೊತ್ತು ಹಳಗನ್ನಡದಲ್ಲಿ ಪೊತ್ತು, ಅದರಲ್ಲಿ ೞ ಎಂದೂ ಇರಲಿಲ್ಲ. ತಲೆಯ ಮೇಲೆ ಹೊತ್ತು ತಂದರು ಎನ್ನುವಾಗಿನ ಹೊತ್ತು ಮೂರನೆಯದು, ಅದು ಪೊಱು ಎಂಬ ಧಾತುವಿನ ಭೂತರೂಪ. ಮೂರು ಬೇರೆ ಬೇರೆ ಪದಗಳು ಧ್ವನಿಗಳು ಸವೆದದ್ದರಿಂದ ಇಂದು ಒಂದೇ ವೇಷದಲ್ಲಿ ಕಾಣುತ್ತಿವೆ, ಅಷ್ಟೇ. ಇದು ವ್ಯಾಕರಣಕಾರರ ಊಹೆಯಲ್ಲ ಎಂಬುದಕ್ಕೆ ಇಂದಿನ ತುಳುವೇ ಪ್ರಮಾಣ. ತುಳುವಿನಲ್ಲಿ ಕಾಲಕ್ಕೂ ಸೂರ್ಯನಿಗೂ ‘ಪೊರ್ತು’ ಎನ್ನುತ್ತಾರೆ, ಉರಿಯುವುದಕ್ಕೆ ‘ಪೊತ್ತುನಿ’ ಎನ್ನುತ್ತಾರೆ. ಕನ್ನಡದಲ್ಲಿ ಕಲೆತುಹೋದ ಎರಡು ಪದಗಳು ಅಲ್ಲಿ ಇಂದಿಗೂ ಬೇರೆಯಾಗಿಯೇ ಉಳಿದಿವೆ. ತೆಲುಗಿನ ‘ಪ್ರೊದ್ದು’ ಪದದಲ್ಲಿ ಪಕಾರಕ್ಕೆ ಅಂಟಿರುವ ರೇಫವೂ ಹಳೆಯ ೞಕಾರದ ಕುರುಹೇ. ಧ್ವನಿಯ ಹೋಲಿಕೆಯನ್ನು ನಂಬಿ ಮೋಸಹೋಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲಿಷಿನ ‘ಡೇ’ ಮತ್ತು ಲ್ಯಾಟಿನ್ನಿನ ‘ದಿಯೇಸ್’ ಎರಡಕ್ಕೂ ದಿನವೆಂದೇ ಅರ್ಥ, ಎರಡೂ ದಕಾರದಿಂದಲೇ ಶುರುವಾಗುತ್ತವೆ, ಆದರೂ ಅವುಗಳ ನಡುವೆ ರಕ್ತಸಂಬಂಧವಿಲ್ಲ. ಲ್ಯಾಟಿನ್ನಿನ ‘ದುಓ’ ಇಂಗ್ಲಿಷಿನಲ್ಲಿ ‘ಟೂ’ ಆಗಿದೆ, ‘ದೆಕೆಮ್’ ‘ಟೆನ್’ ಆಗಿದೆ. ಆ ನಿಯಮದ ಪ್ರಕಾರ ‘ದಿಯೇಸ್’ ಕುಲದ ಪದ ಇಂಗ್ಲಿಷಿನಲ್ಲಿ ಟಕಾರದಿಂದ ಶುರುವಾಗಬೇಕಿತ್ತು. ಪದಗಳ ಹುಟ್ಟನ್ನು ನಿರ್ಧರಿಸುವುದು ಹೋಲಿಕೆಯಲ್ಲ, ಧ್ವನಿಬದಲಾವಣೆಯ ನಿಯಮ. ಹೊತ್ತಿನ ವಿಷಯದಲ್ಲಿ ಆ ನಿಯಮ ಉರಿಯ ಪಕ್ಷದಲ್ಲಿಲ್ಲ.

ಉರಿಯಲ್ಲದಿದ್ದರೆ ಮತ್ತೇನು? ಉತ್ತರ ಸಿಗುವುದು ನಿಘಂಟಿನಲ್ಲಿ ಕೊಟ್ಟ ಅರ್ಥದಲ್ಲಲ್ಲ, ಪದದ ಒಡನಾಟದಲ್ಲಿ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟು ಹೊತ್ತಿಗೆ ಕಾಲ ಮತ್ತು ಸೂರ್ಯ ಎರಡೂ ಅರ್ಥ ಹೇಳುತ್ತದೆ. ಆದರೆ ಜನರ ಬಾಯಲ್ಲಿ ಈ ಸೂರ್ಯ ಏನೇನು ಮಾಡುತ್ತಾನೆಂದು ಗಮನಿಸಬೇಕು. ಹೊತ್ತು ಹುಟ್ಟುತ್ತದೆ, ಮೂಡುತ್ತದೆ, ಹೊಂಡುತ್ತದೆ, ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಈ ಭಾಗದ ಮಾತಿನಲ್ಲಿ ಹೇಳುವುದಾದರೆ ಮುಣುಗುತ್ತದೆ. ಆದರೆ ಹೊತ್ತು ಸುಡುತ್ತದೆ ಎಂದು ಯಾರೂ ಅನ್ನುವುದಿಲ್ಲ. ಸುಡುವುದು ಬಿಸಿಲು. ಹೊತ್ತಿಗೆ ಕೈಮುಗಿದೆವು ಎಂದೂ ಅನ್ನುವುದಿಲ್ಲ. ಕೈಮುಗಿಯುವುದು ಸೂರ್ಯದೇವನಿಗೆ. ಹೊತ್ತು ಹೊಳೆಯುವುದೂ ಇಲ್ಲ, ಕಣ್ಣು ಕೋರೈಸುವುದೂ ಇಲ್ಲ. ಆಕಾಶದ ಬಿಂಬಕ್ಕೇ ಹೆಸರು ಬೇಕಾದಾಗ ಕನ್ನಡದ ಬಳಿ ‘ನೇಸಱ್’ ಇತ್ತು. ತಮಿಳಿನ ‘ಞಾಯಿಱು’ ಅದರ ಒಡಹುಟ್ಟು, ಅದು ಅಲ್ಲಿ ಭಾನುವಾರದ ಹೆಸರಾಗಿ ಬದುಕಿದೆ. ಹೀಗೆ ಬೆಂಕಿಗೆ ಬಿಸಿಲು, ಬಿಂಬಕ್ಕೆ ನೇಸರು, ದೇವರಿಗೆ ಸೂರ್ಯ ಎಂದು ಕೆಲಸ ಹಂಚಿಹೋದ ಮೇಲೆ ಹೊತ್ತಿಗೆ ಉಳಿದದ್ದು ಚಲನೆಯೊಂದೇ. ಹೊತ್ತು ಅಂದರೆ ನಡೆಯುವ ಸೂರ್ಯ. ಸೂರ್ಯ ನಡೆದಷ್ಟು ದೂರವೇ ಕಾಲವಾದ್ದರಿಂದ ಆ ಪದ ಸೂರ್ಯನನ್ನೂ ಕಾಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ದಿಕ್ಕುಗಳ ಹೆಸರನ್ನೂ ಕನ್ನಡ ಈ ಚಲನೆಯಿಂದಲೇ ಪಡೆದಿದೆ. ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಇಂಗ್ಲಿಷಿನವರು ಬೆಳಕಿನ ಬೇರಿನಿಂದ ಮೂಡಣಕ್ಕೆ ಹೆಸರಿಟ್ಟರು, ನಾವು ಏಳುವ ಕ್ರಿಯೆಯಿಂದ ಇಟ್ಟೆವು. ಅವರ ಡೇಸ್ಪ್ರಿಂಗ್ ಪದಕ್ಕೆ ನಮ್ಮಲ್ಲಿ ನಿಜವಾಗಿ ಸಮನಾದದ್ದು ಅರುಣೋದಯವಲ್ಲ, ‘ಹೊತ್ತು ಮೂಡು’.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ತಮಿಳಿನ ಅತ್ಯಂತ ಹಳೆಯ ವ್ಯಾಕರಣವಾದ ತೊಲ್ಕಾಪ್ಪಿಯಂ ‘ಪೊೞುದು’ ಎಂಬ ಇದೇ ಪದವನ್ನು ನೇರವಾಗಿ ಕಾಲವೆಂಬ ಅರ್ಥದಲ್ಲಿ ಬಳಸುತ್ತದೆ. ಕಾವ್ಯಕ್ಕೆ ನೆಲ ಮತ್ತು ಪೊೞುದು ಎರಡು ಮೂಲದ್ರವ್ಯಗಳೆಂದು ಅದು ಹೇಳುತ್ತದೆ. ಋತುಗಳನ್ನು ಹಿರಿಯ ಪೊೞುದು ಎಂದೂ ದಿನದ ಭಾಗಗಳನ್ನು ಕಿರಿಯ ಪೊೞುದು ಎಂದೂ ಆ ವ್ಯಾಕರಣದ ಪರಂಪರೆ ವಿಂಗಡಿಸುತ್ತದೆ. ಕಿರಿಯ ಪೊೞುದುಗಳಲ್ಲಿ ನಡುರಾತ್ರಿಯೂ ಒಂದು. ನಮ್ಮಲ್ಲಿಯೂ ‘ಸರಹೊತ್ತು’ ಎಂದರೆ ಸೂರ್ಯನ ಸುಳಿವೇ ಇಲ್ಲದ ಮಧ್ಯರಾತ್ರಿ. ಹಾಗಿದ್ದ ಮೇಲೆ ಕಾಲವೇ ಮೂಲಾರ್ಥ, ಸೂರ್ಯ ಆಮೇಲೆ ಸೇರಿಕೊಂಡವನು ಎನ್ನಬಾರದೇಕೆ? ಇದಕ್ಕೆ ‘ಸೂರ್ಯನೇ ಮೊದಲು’ ಎಂದು ಹಟದಿಂದ ಉತ್ತರಿಸುವುದು ಸರಿಯಲ್ಲ. ಕಣ್ಣಿಗೆ ಕಾಣುವ ವಸ್ತುವಿನಿಂದ ಕಾಣದ ಭಾವಕ್ಕೆ ಅರ್ಥ ಹರಿಯುವುದು ಹೆಚ್ಚೆಂಬುದು ನಿಜವಾದರೂ ಅದು ಕಟ್ಟಳೆಯೇನಲ್ಲ. ನನ್ನ ವಾದಕ್ಕೆ ಆ ಸರದಿ ಬೇಕೂ ಇಲ್ಲ. ತುಳು, ತಮಿಳು, ತೆಲುಗು, ಕನ್ನಡ ನಾಲ್ಕರಲ್ಲಿಯೂ ಈ ಪದಕ್ಕೆ ಎರಡೂ ಅರ್ಥಗಳಿವೆ. ನಾಲ್ಕೂ ಭಾಷೆಗಳು ಪ್ರತ್ಯೇಕವಾಗಿ, ತಂತಮ್ಮ ಪಾಡಿಗೆ, ಬರಿಯ ಕಾಲಕ್ಕೆ ಸೂರ್ಯನನ್ನು ಅಂಟಿಸಿಕೊಂಡವೆಂದು ನಂಬುವುದಕ್ಕಿಂತ ಮೂಲದಲ್ಲೇ ಆ ಎರಡು ಬೇರ್ಪಟ್ಟಿರಲಿಲ್ಲ ಎಂದು ತಿಳಿಯುವುದು ಮೇಲು. ಸರಹೊತ್ತಿನಲ್ಲಿ ಸೂರ್ಯನಿಲ್ಲದಿರುವುದೂ ಅಡ್ಡಿಯಲ್ಲ. ಹಗಲನ್ನು ಅಳೆಯಲು ಕಲಿತವರು ಅದೇ ಅಳತೆಯನ್ನು ಇರುಳಿಗೂ ಚಾಚುತ್ತಾರೆ. ಗೇಣಿನಿಂದ ಬಟ್ಟೆ ಅಳೆದರೆ ಬಟ್ಟೆಯಲ್ಲಿ ಕೈ ಇರಬೇಕಾಗಿಲ್ಲ.

ಎಣಿಕೆ ಬೆಳಗಿನಿಂದಲೇ ಶುರುವಾಯಿತೆಂಬುದಕ್ಕೆ ಏನು ಪುರಾವೆ ಎಂದು ಕೇಳಬಹುದು. ಹೊತ್ತು ಮುಳುಗುವುದೂ ಒಂದು ಚಲನೆಯೇ ತಾನೆ? ಇಲ್ಲಿ ಪದವೇ ಪಕ್ಷಪಾತ ತೋರಿಸುತ್ತದೆ. ತೆಲುಗಿನಲ್ಲಿ ಪ್ರೊದ್ದಿಗೆ ಬೇರೆ ಯಾವ ವಿಶೇಷಣವನ್ನೂ ಸೇರಿಸದೆ ‘ಪ್ರೊದ್ದುನ’ ಎಂದರೆ ‘ಬೆಳಗ್ಗೆ’ ಎಂದಾಗುತ್ತದೆ, ‘ಸಂಜೆಗೆ’ ಎಂದಾಗುವುದಿಲ್ಲ. ಹಳೆಯ ಮೈಸೂರಿನ ಕಡೆ ಹಳ್ಳಿಗರು ಆಡುವ ‘ಹೊತ್ತಾರೆ’, ‘ವತ್ತಾರೆ’ಗಳಲ್ಲಿಯೂ ಹೊತ್ತೇ ಇದೆ, ಅರ್ಥ ಬೆಳಗ್ಗೆ. ಹೊತ್ತು ಎಂದು ಸುಮ್ಮನೆ ಹೇಳಿದಾಗ ಮನಸ್ಸಿಗೆ ಮೊದಲು ಬಂದದ್ದು ಅದರ ಮೂಡುವಿಕೆ. ಸಂಜೆಗಾದರೆ ‘ಮುಳುಗು’ ಎಂದು ಬಿಡಿಸಿ ಹೇಳಬೇಕಾಯಿತು. ಇನ್ನೊಂದು ಪುರಾವೆ ನಾವು ದಿನಕ್ಕೆ ಹತ್ತಾರು ಬಾರಿ ಆಡುವ ‘ಇವತ್ತು’. ಅದು ‘ಈ ಹೊತ್ತು’ ಸವೆದು ಆದದ್ದು. ‘ಅವತ್ತು’ ಎಂದರೆ ಆ ಹೊತ್ತು, ‘ಯಾವತ್ತೂ’ ಎಂದರೆ ಯಾವ ಹೊತ್ತೂ. ತಮಿಳಿನ ‘ಇಪ್ಪೊೞುದು’, ತೆಲುಗಿನ ‘ಇಪ್ಪುಡು’ ಇದೇ ಜೋಡಣೆಯವು, ಆದರೆ ಅವುಗಳ ಅರ್ಥ ‘ಈಗ’. ಕನ್ನಡದಲ್ಲಿ ಅದು ಇಡೀ ದಿನವನ್ನು ಆವರಿಸಿತು. ರಾಯಲಸೀಮೆಯ ತೆಲುಗಿನವರು ಸವೆದುಹೋದ ‘ಇಪ್ಪುಡು’ ಕೈಯಲ್ಲಿದ್ದರೂ ಮತ್ತೊಮ್ಮೆ ‘ಈ ಪೊದ್ದು’ ಎಂದು ಹೊಸದಾಗಿ ಕಟ್ಟಿ ಅದಕ್ಕೆ ನಮ್ಮಂತೆಯೇ ‘ಇಂದು’ ಎಂಬ ಅರ್ಥ ಕೊಟ್ಟರು. ಒಂದು ಹೊತ್ತು ಮೂಡಿದರೆ ಒಂದು ದಿನ ಎಂಬ ಲೆಕ್ಕ ಇದರ ಹಿಂದಿದೆ. ಪಂಚಾಂಗದಲ್ಲಿಯೂ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುತ್ತದೆ. ಅದು ಸಂಸ್ಕೃತದ ಜ್ಯೋತಿಷದಿಂದ ಬಂದ ವ್ಯವಸ್ಥೆಯಲ್ಲವೆ ಎಂದರೆ ಹೌದು, ಅದನ್ನು ನಾನು ಪುರಾವೆಯಾಗಿ ತರುತ್ತಿಲ್ಲ. ಇವತ್ತು ಎಂಬ ಪದಕ್ಕೆ ಅದರ ಆಸರೆ ಬೇಕಿಲ್ಲ.

ನೆಲದ ಸಾಕ್ಷ್ಯವೊಂದನ್ನೂ ಇಲ್ಲಿ ಸೇರಿಸಬೇಕು. ಈ ಊರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ದಿಗಂತದಿಂದ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ. ಹೊರಗಿನ ಕೆಲಸಕ್ಕೆ ಸಾಕಾಗುವ ಬೆಳಕು ಮೂಡಿದ ಮೇಲೆ ಬಿಂಬ ಕಾಣಿಸಲು 25 ನಿಮಿಷ ಹಿಡಿಯುವುದಿಲ್ಲ, ಅಂದರೆ ಅಂದಾಜು ಒಂದು ಗಳಿಗೆ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಅದಕ್ಕೆ ಮುಕ್ಕಾಲು ಗಂಟೆಯಷ್ಟು ಬೇಕು. ಅಲ್ಲಿಯ ಬೇಸಿಗೆಯಲ್ಲಿ ಇರುಳು ಪೂರ್ತಿ ಕಪ್ಪಾಗುವುದೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಇರುಳಿನ ಕೊನೆಯ ಪಾಲಿಗೆ, ಬೆಳಗಿನ ಮುಂಚಿನ ಆ ದೀರ್ಘ ಮಬ್ಬಿಗೆ, ‘ಊಹ್ತ್’ ಎಂಬ ಪ್ರತ್ಯೇಕ ಹೆಸರೇ ಇತ್ತು. ನಮ್ಮ ಬೆಳಗು ಚುರುಕಾದದ್ದು. ನಸುಕು ಹರಿದು ಬಿಂಬ ಏಳುವುದನ್ನು ಇಡಿಯಾಗಿ ಒಂದೇ ಘಟನೆಯೆಂದು ಕಾಣಬಹುದಾದ ನೆಲದಲ್ಲಿ, ಬೆಳಕಿನ ಛಾಯೆಗಳಿಗಿಂತ ಸೂರ್ಯ ಹೊರಟ ಗಳಿಗೆಯೇ ಗುರುತಿನ ಗೂಟವಾದದ್ದು ಸಹಜವೆಂದು ನನಗೆ ತೋರುತ್ತದೆ.

ಕೊನೆಯ ಆಕ್ಷೇಪ ಭಾಷೆಯ ಅಭಿಮಾನಕ್ಕೆ ಸಂಬಂಧಿಸಿದ್ದು. 9ನೆಯ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುನಾಡನ್ನು ಕನ್ನಡದ ತಿರುಳೆಂದು ಕರೆಯಿತು. ಪಂಪನೂ ತಾನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದ. ಹಾಗಾದರೆ ಈ ಸೀಮೆಯಲ್ಲಿ ನಿಂತು ಹೊತ್ತನ್ನು ಎತ್ತಿಹಿಡಿಯುವುದೆಂದರೆ ಮುಂಜಾನೆ, ಉಷಸ್ಸುಗಳನ್ನು ಹೊರಗಿನವೆಂದು ತಳ್ಳುವುದೇ ಎಂದು ಯಾರಾದರೂ ಕೇಳಿಯಾರು. ಅದು ಸಲ್ಲದು. ಕವಿರಾಜಮಾರ್ಗವೇ ಕನ್ನಡಗಳು ಹಲವು ಎಂಬುದನ್ನು ಒಪ್ಪಿಕೊಂಡ ಗ್ರಂಥ. ಸಂಸ್ಕೃತವನ್ನು ಎಲ್ಲಿ, ಎಷ್ಟು ಹದವಾಗಿ ಬೆರೆಸಬೇಕೆಂದು ಚರ್ಚಿಸಿದ ಗ್ರಂಥ. ಮುಂಜಾನೆಯನ್ನು ಬಿಟ್ಟು ಈ ನೆಲದಲ್ಲಿ ಯಾರೂ ಬಾಳಲಾರರು. ನನ್ನ ತಕರಾರು ಬೇರೆ. ಪಠ್ಯಪುಸ್ತಕದಲ್ಲಿ ‘ಸೂರ್ಯೋದಯವಾಯಿತು’ ಎಂಬುದು ಶುದ್ಧ, ಮಗು ಮನೆಯಿಂದ ತಂದ ‘ಹೊತ್ತು ಹೊಂಟಿತು’ ಅಶುದ್ಧ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಅಶುದ್ಧವೆಂದು ತಿದ್ದಿಸಿಕೊಳ್ಳುವ ಆ ಮಾತಿನಲ್ಲಿ ಪಂಪನಿಗಿಂತ ಹಿಂದಿನ, ಕನ್ನಡ ಮತ್ತು ತಮಿಳು ಒಂದೇ ಮೂಲದಿಂದ ಕವಲೊಡೆಯುವುದಕ್ಕೂ ಮುಂಚಿನ ಒಂದು ತಿಳಿವಳಿಕೆ ಇದೆ. ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಶಾಲೆಯ ನಿಘಂಟುಗಳು ಹೊತ್ತಿನ ಮೂರು ಪದಗಳನ್ನು ಮೂರು ಬೇರೆ ಉಲ್ಲೇಖಗಳಾಗಿ, ಹಳಗನ್ನಡದ ರೂಪಗಳೊಡನೆ ಕೊಡಬೇಕು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಿರಿಯರು ಕೋಳಿ ಕೂಗಿನಿಂದ ಹೊತ್ತೇರುವವರೆಗಿನ ಒಂದೊಂದು ಘಟ್ಟಕ್ಕೆ ಆಡುವ ಮಾತುಗಳನ್ನು, ಅವು ಕೂಡಿಬರುವ ಕ್ರಿಯಾಪದಗಳ ಸಮೇತ, ಈ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಬೇಕು. ಕ್ರಿಯಾಪದಗಳ ಸಮೇತ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ವಾದದ ಬಲ ನಿಂತಿರುವುದು ಅವುಗಳ ಮೇಲೆ. ಹೊತ್ತು ಸುಟ್ಟಿತು ಎಂಬ ಒಂದೇ ಒಂದು ಸಹಜ ಬಳಕೆ ಎಲ್ಲಿಯಾದರೂ ಸಿಕ್ಕರೆ ನಾನು ಇಂದು ಹೇಳಿದ್ದನ್ನು ಮರುಪರಿಶೀಲಿಸಬೇಕಾಗುತ್ತದೆ. ಆ ಪರೀಕ್ಷೆ ನಡೆಯಲಿ ಎಂದೇ ಇದನ್ನು ನಿಮ್ಮ ಮುಂದಿಟ್ಟಿದ್ದೇನೆ.